ಮೊದಲ ಕೆಲಸಕ್ಕೆ ರೆಸ್ಯೂಮೆ ಬರೆಯುವುದು ಹೇಗೆ?

ಬಿ.ಕಾಂ. ಮುಗಿಸಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಅರ್ಜಿ ಹಾಕುವವರಲ್ಲಿ ಹಲವರು ಗೆಳೆಯರ ರೆಸ್ಯೂಮೆ ಪಡೆದು, ಹೆಸರು ಮತ್ತು ಅಂಕಗಳನ್ನಷ್ಟೇ ಬದಲಿಸಿ ಕಳುಹಿಸಿಬಿಡುತ್ತಾರೆ. ಹಾಗೆ ಮಾಡದೆ, ಮೊದಲು ಕೆಲಸದ ಜಾಹೀರಾತನ್ನು ಪೆನ್ನು ಹಿಡಿದು ಓದಿ. ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಎಂದು ಕೇಳಿರುವುದಕ್ಕೆಲ್ಲ ಅಡಿಗೆರೆ ಎಳೆದು, ಅವುಗಳಲ್ಲಿ ನಿಮಗೆ ನಿಜವಾಗಿ ಬರುವುದು ಯಾವುದು ಎಂದು ಗುರುತು ಮಾಡಿಕೊಳ್ಳಿ. ರೆಸ್ಯೂಮೆಯಲ್ಲಿ ಎದ್ದು ಕಾಣಬೇಕಾದದ್ದು ಆ ಗುರುತು ಬಿದ್ದ ವಿಷಯಗಳೇ.

ಹಾಳೆಯ ತಲೆಭಾಗದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್, ಊರು ಇದ್ದರೆ ಸಾಕು. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ಖಂಡಿತ ಬರೆಯಬೇಡಿ; ರೆಸ್ಯೂಮೆ ಎಷ್ಟು ಜನರ ಕೈ ದಾಟುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿರುವುದಿಲ್ಲ. ಜಾತಿ, ಧರ್ಮ, ತಂದೆಯ ಉದ್ಯೋಗ ಇವು ಮದುವೆಯ ಬಯೋಡೇಟಾಕ್ಕೆ ಸೇರಿದ ವಿವರಗಳು. ಶಿಕ್ಷಣವನ್ನು ಪದವಿಯಿಂದ ಆರಂಭಿಸಿ ಪಿಯುಸಿ, ಎಸ್‌ಎಸ್‌ಎಲ್‌ಸಿ ಎಂದು ಹಿಂದಕ್ಕೆ ಹೋಗುವ ಕ್ರಮದಲ್ಲಿ ಕೊಡಿ.

ಹೆಚ್ಚು ಸಮಯ ಕೊಡಬೇಕಾದದ್ದು ಅನುಭವದ ಭಾಗಕ್ಕೆ. ‘ಪರಿಶ್ರಮಿ, ಪ್ರಾಮಾಣಿಕ, ತಂಡದೊಂದಿಗೆ ಬೆರೆಯುವವನು’ ಎಂಬ ಮಾತುಗಳು ಎಲ್ಲರ ರೆಸ್ಯೂಮೆಯಲ್ಲೂ ಇರುವುದರಿಂದ ಅವು ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಆಡಿಟರ್ ಕಚೇರಿಯಲ್ಲಿ ಆರು ತಿಂಗಳು ಕೆಲಸ ಮಾಡಿದ್ದೇನೆ’ ಎಂದು ಬರೆದು ನಿಲ್ಲಿಸುವ ಬದಲು, ‘ಆಡಿಟರ್ ಕಚೇರಿಯಲ್ಲಿ ಆರು ತಿಂಗಳು: ನಾಲ್ಕು ಅಂಗಡಿಗಳ ಖರೀದಿ ಮತ್ತು ಮಾರಾಟದ ಬಿಲ್‌ಗಳನ್ನು ಟ್ಯಾಲಿಯಲ್ಲಿ ನಮೂದಿಸಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನೊಂದಿಗೆ ತಾಳೆ ನೋಡಿ, ಜಿಎಸ್‌ಟಿಆರ್-1ಕ್ಕೆ ಬೇಕಾದ ಮಾಹಿತಿ ಸಿದ್ಧಪಡಿಸಿದ್ದೇನೆ’ ಎಂದು ಬರೆದು ನೋಡಿ. ಸಂದರ್ಶಕರಿಗೆ ಪ್ರಶ್ನೆ ಕೇಳಲು ಒಂದು ಹಿಡಿ ಸಿಗುತ್ತದೆ. ಆದರೆ ಬರೆದ ಪ್ರತಿ ಸಾಲಿಗೂ ಉತ್ತರ ಸಿದ್ಧವಿರಬೇಕು: ಜಿಎಸ್‌ಟಿಆರ್-1ರಲ್ಲಿ ಮಾರಾಟದ ವಿವರ ಹೋಗುತ್ತದೆ, ತೆರಿಗೆ ಪಾವತಿಯ ಸಾರಾಂಶ ಜಿಎಸ್‌ಟಿಆರ್-3ಬಿ ರಿಟರ್ನ್‌ನಲ್ಲಿ ಹೋಗುತ್ತದೆ ಎಂಬುದನ್ನು ತಡವರಿಸದೆ ಹೇಳಲು ಬರಬೇಕು.

ಎಲ್ಲಿಯೂ ಕೆಲಸ ಮಾಡಿಲ್ಲ ಎಂದು ಕುಗ್ಗುವವರಿಗೆ ಒಂದು ಮಾತು ಹೇಳಲೇಬೇಕು. ಮನೆಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ನೋಡಿಕೊಂಡು, ಬಾಕಿ ವಸೂಲಿ ಮಾಡಿ, ಸ್ಟಾಕ್ ಲೆಕ್ಕ ಇಟ್ಟಿದ್ದರೆ ಅದೂ ಲೆಕ್ಕಪತ್ರದ ಕೆಲಸವೇ. ಸಂಕೋಚಪಡದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನೂ ಸೇರಿಸಿ ಬರೆಯಿರಿ.

ಅನೇಕ ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮನುಷ್ಯರಿಗಿಂತ ಮೊದಲು ತಂತ್ರಾಂಶ ಓದುತ್ತದೆ. ಎರಡು ಕಾಲಂ, ಟೇಬಲ್, ಚಿತ್ರದೊಳಗಿನ ಅಕ್ಷರಗಳು ಅದಕ್ಕೆ ಸರಿಯಾಗಿ ಅರ್ಥವಾಗದಿರಬಹುದು. ಆದ್ದರಿಂದ ಸರಳ ಅಕ್ಷರವಿನ್ಯಾಸದಲ್ಲಿ, ಒಂದೇ ಕಾಲಂನಲ್ಲಿ, ಒಂದು ಪುಟಕ್ಕೆ ಮುಗಿಸಿ. ಪತ್ರಿಕೆ ಅಥವಾ ಅನುವಾದದ ಕೆಲಸಕ್ಕೆ ಕನ್ನಡದಲ್ಲೇ ಬರೆಯುವುದಾದರೆ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರಗಳನ್ನು ಬಳಸಿ. ಹಳೆಯ ನುಡಿ ಫಾಂಟ್‌ನ ವರ್ಡ್ ಕಡತವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ.

ಕೊನೆಗೆ ಪಿಡಿಎಫ್ ಮಾಡಿ, ಕಡತಕ್ಕೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರಿಡಿ. ಕಳುಹಿಸುವ ಮುನ್ನ ಮೊಬೈಲಿನಲ್ಲಿ ತೆರೆದು, ಅದರಲ್ಲಿರುವ ಸಂಖ್ಯೆಗೆ ಬೇರೊಂದು ಫೋನಿನಿಂದ ಕರೆ ಮಾಡಿ ಪರೀಕ್ಷಿಸಿ.