ಡೇಟಾ ಕೆಲಸಕ್ಕೆ ಪ್ರೋಗ್ರಾಮರ್ ಬೇಕಾ? ಮೊದಲು ಒಂದು ಕೊಳಕು ಎಕ್ಸೆಲ್ ಕೊಟ್ಟು ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಅಂಗಡಿ. ಅಂಗಡಿ ಅಂತಲೇ ಹೇಳಬೇಕು, ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಅಡಿಕೆ ವ್ಯಾಪಾರಿಗಳ ಖರೀದಿ ಲೆಕ್ಕ, ಹಾಲಿನ ಸೊಸೈಟಿಯ ಲೆಕ್ಕ, ಇಂಥವೇ ಕೆಲಸ. ಕೋಡ್ ಬರೆಯುವುದಕ್ಕಿಂತ ಡೇಟಾದ ಜತೆ ಗುದ್ದಾಡುವುದೇ ಜಾಸ್ತಿ. ಇಂಟರ್‌ವ್ಯೂಗೆ ಬರುವವರ ರೆಸ್ಯೂಮೆಯಲ್ಲಿ ಹದಿನೈದು ಟೆಕ್ನಾಲಜಿಗಳ ಹೆಸರು ಇರುತ್ತದೆ. ಅದನ್ನು ನಂಬಿ ಎರಡು ಸಲ ಕೈ ಸುಟ್ಟುಕೊಂಡ ಮೇಲೆ ನಾನು ರೆಸ್ಯೂಮೆ ಓದುವುದನ್ನೇ ಕಡಿಮೆ ಮಾಡಿದೆ. ಈಗ ಏನು ಮಾಡುತ್ತೇನೆ ಅಂತ ಹೇಳುತ್ತೇನೆ, ನಿಮ್ಮದೂ ಸಣ್ಣ ಆಫೀಸಾದರೆ ಉಪಯೋಗಕ್ಕೆ ಬಂದೀತು.

ಮೊದಲು ಒಂದು ಎಕ್ಸೆಲ್ ಫೈಲ್ ತಯಾರು ಮಾಡಿ. ಇನ್ನೂರು ಸಾಲು ಸಾಕು. ಗಿರಾಕಿಯ ನಿಜವಾದ ಡೇಟಾ ಕೊಡಬೇಡಿ, ಹೆಸರು ನಂಬರ್ ಎಲ್ಲ ಸುಳ್ಳೇ ಇರಲಿ, ಆದರೆ ಕೊಳಕು ಮಾತ್ರ ನಿಜವಾದದ್ದೇ ಇರಬೇಕು. ನಮ್ಮ ಊರಲ್ಲಿ ಕೊಳಕಿಗೆ ಬರ ಇಲ್ಲ. ಮಂಜೇಶ್ವರ ಅಂತ ಒಬ್ಬ ಬರೆದರೆ ಇನ್ನೊಬ್ಬ ಮಂಜೇಶ್ವರಂ ಅನ್ನುತ್ತಾನೆ, ಮತ್ತೊಬ್ಬ ಮಲಯಾಳಂ ಲಿಪಿಯಲ್ಲಿ ಬರೆಯುತ್ತಾನೆ, ಇಂಗ್ಲಿಷ್‌ನಲ್ಲಿ ಬರೆಯುವವರಂತೂ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್. ಪಟ್ಟಣ ಕಾಞಂಗಾಡು, ತಾಲೂಕು ಹೊಸದುರ್ಗ, ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದವರಿದ್ದಾರೆ. ಜಿಲ್ಲೆಯಲ್ಲಿ ಮೊದಲು ಎರಡೇ ತಾಲೂಕು ಇತ್ತು, ಈಗ ನಾಲ್ಕು. ಹಾಗಾಗಿ ಹಳೆಯ ದಾಖಲೆಯಲ್ಲಿ ಉಪ್ಪಳದವನು ಕಾಸರಗೋಡು ತಾಲೂಕಿನವನು, ಹೊಸದರಲ್ಲಿ ಮಂಜೇಶ್ವರ ತಾಲೂಕಿನವನು. ತೂಕದ ಕಾಲಂನಲ್ಲಿ ಒಂದು ಕಡೆ ‘130’, ಇನ್ನೊಂದು ಕಡೆ ‘2 ಗೋಣಿ’. ತಾರೀಕು 03/04 ಅಂತ ಇದ್ದರೆ ಅದು ಏಪ್ರಿಲ್ಲೋ ಮಾರ್ಚೋ ದೇವರಿಗೇ ಗೊತ್ತು. ನಾಲ್ಕೈದು ಸಾಲು ಹಳೆಯ ನುಡಿ ಫಾಂಟ್‌ನದ್ದೂ ಸೇರಿಸಿ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪದ್ಧತಿ) ಅಲ್ಲದ್ದು, ತೆರೆದರೆ ಬರೀ ಗೀಚಿದ ಹಾಗೆ ಕಾಣುವಂಥದ್ದು.

ಇದನ್ನು ಕೊಟ್ಟು, ‘ಇದರಿಂದ ಯಾವ ರೈತನಿಗೆ ಎಷ್ಟು ಬಾಕಿ ಇದೆ ಅಂತ ತೋರಿಸುವ ಸಣ್ಣ ಆ್ಯಪ್ ಮಾಡಬೇಕು, ಟೇಬಲ್‌ಗಳು ಹೇಗಿರಬೇಕು ಹೇಳಿ’ ಅನ್ನಿ. ಆಮೇಲೆ ಸುಮ್ನೆ ಕೂತು ನೋಡಿ. ಮೊದಲ ಹತ್ತು ನಿಮಿಷದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಒಬ್ಬ ಬಂದವನೇ ಟಕಟಕ ಟೈಪ್ ಮಾಡಲು ಶುರು ಮಾಡಿದ, ಒಂದು ಗೋಣಿ ಅಂದರೆ ಐವತ್ತು ಕಿಲೋ ಅಂತ ತಾನೇ ತೀರ್ಮಾನಿಸಿ ಕೋಡಿನೊಳಗೆ ಬರೆದೂ ಬಿಟ್ಟ, ನಮಗೆ ಹೇಳಲೇ ಇಲ್ಲ. ಪೆರ್ಲದ ಕಡೆಯಿಂದ ಬಂದ ಹುಡುಗಿಯೊಬ್ಬಳು ಕಾಲು ಗಂಟೆ ಕೀಬೋರ್ಡ್ ಮುಟ್ಟಲಿಲ್ಲ. ಬರೀ ಸ್ಕ್ರೋಲ್ ಮಾಡಿದಳು. ಆಮೇಲೆ ಕೇಳಿದಳು: ‘ಗೋಣಿಗೆ ಎಷ್ಟು ಕಿಲೋ ಸರ್? ಪಟೋರಕ್ಕೂ ಕರಿಗೋಟಿಗೂ ಒಂದೇ ಲೆಕ್ಕವಾ? ಗೊತ್ತಿಲ್ಲದಿದ್ದರೆ ಈ ಸಾಲುಗಳನ್ನು ಬೇರೆ ಇಡುತ್ತೇನೆ, ಒಟ್ಟಿಗೆ ಕೂಡಿಸುವುದಿಲ್ಲ.’ ಪಟೋರ, ಕರಿಗೋಟು ಅಂದರೆ ಅಡಿಕೆಯ ದರ್ಜೆಗಳು. ನನಗೆ ಅಲ್ಲೇ ಮುಗಿಯಿತು. ಉಳಿದ ಪರೀಕ್ಷೆ ಬರೀ ಶಾಸ್ತ್ರಕ್ಕೆ.

ಒಂದೇ ಹೆಸರಿನ ಇಬ್ಬರು ಸಿಕ್ಕಾಗ ಏನು ಮಾಡುತ್ತಾರೆ ಅಂತಲೂ ಗಮನಿಸಿ. ‘ಡೂಪ್ಲಿಕೇಟ್ ತೆಗೆದೆ ಸರ್’ ಅಂತ ಖುಷಿಯಿಂದ ಹೇಳುವವರ ಬಗ್ಗೆ ಜಾಗ್ರತೆ! ಒಬ್ಬನದೇ ಎರಡು ಎಂಟ್ರಿ ಉಳಿದರೆ ದೊಡ್ಡ ಅನಾಹುತವೇನಿಲ್ಲ, ಆಮೇಲೆ ಸೇರಿಸಬಹುದು. ಇಬ್ಬರು ಬೇರೆ ಬೇರೆ ಜನರನ್ನು ಒಬ್ಬನನ್ನಾಗಿ ಮಾಡಿದರೆ ಬಿಡಿಸುವುದು ಭಾರೀ ಕಷ್ಟ. ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ನಮ್ಮ ಮೊದಲ ಸಾಫ್ಟ್‌ವೇರ್‌ನಲ್ಲಿ ನಾನೇ ಫೋನ್ ನಂಬರನ್ನು ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರನ್ನು ಬೇರೆಯಾಗಿ ಗುರುತಿಸುವ ಕಾಲಂ, ಮಾಡಿದ್ದೆ. ಒಬ್ಬರಿಗೆ ಒಂದು ನಂಬರ್ ಇರುತ್ತದೆ ಅಲ್ವಾ, ಸುಲಭ ಅಂದುಕೊಂಡೆ. ಮಗ ಗಲ್ಫ್‌ನಿಂದ ವಾಪಸ್ ಬಂದವನು ಅಪ್ಪನ ನಂಬರನ್ನೇ ಕೊಟ್ಟಿದ್ದ. ರಾತ್ರಿ ಒಂಬತ್ತಕ್ಕೆ ವ್ಯಾಪಾರಿಯ ಫೋನ್: ‘ಇದೆಂಥ ಲೆಕ್ಕ ಮಾರಾಯ್ರೇ, ಮಗ ತಂದ ಅಡಿಕೆಯ ದುಡ್ಡು ಅಪ್ಪನ ಸಾಲಕ್ಕೆ ಜಮಾ ಆಗಿದೆ!’ ಅಪ್ಪ ಮಗ ಮಾತು ಬಿಟ್ಟಿದ್ದರಂತೆ ಬೇರೆ. ಈಗ ಅದನ್ನೇ ಪ್ರಶ್ನೆ ಮಾಡಿ ಕೇಳುತ್ತೇನೆ: ಫೋನ್ ನಂಬರನ್ನು ಕೀ ಮಾಡಬಹುದಾ?

ಎರಡನೆಯದು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ; ಆ ಪ್ರಶ್ನೆಗೇ ಕ್ವೆರಿ ಅನ್ನುವುದು. ಇಲ್ಲಿ ಸಿಂಟ್ಯಾಕ್ಸ್ ಕೇಳಬೇಡಿ, ಅದು ಯಾರಿಗೂ ಪೂರ್ತಿ ನೆನಪಿರುವುದಿಲ್ಲ, ನನಗೂ ಇಲ್ಲ. ತಪ್ಪು ಉತ್ತರ ಬರುವ ಕ್ವೆರಿಯನ್ನು ನೀವೇ ಬರೆದು ಕೈಗೆ ಕೊಡಿ. ನನ್ನ ಅಚ್ಚುಮೆಚ್ಚಿನದು ಇದು. ಒಬ್ಬ ರೈತ ಮೂರು ಸಲ ಅಡಿಕೆ ಕೊಟ್ಟಿದ್ದಾನೆ: 10,000, 20,000, 15,000 ರೂಪಾಯಿಯದ್ದು. ಒಟ್ಟು 45,000. ಎರಡು ಸಲ ಮುಂಗಡ ತೆಗೆದುಕೊಂಡಿದ್ದಾನೆ: 5,000 ಮತ್ತು 8,000. ಒಟ್ಟು 13,000. ಬಾಕಿ 32,000, ಸರಿ ತಾನೇ? ಈಗ ರೈತನ ಟೇಬಲ್‌ಗೆ ಮಾರಾಟದ ಟೇಬಲನ್ನೂ ಮುಂಗಡದ ಟೇಬಲನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿ, ಅಂದರೆ ಸಾಲಿಗೆ ಸಾಲು ಜೋಡಿಸಿ, ಕೂಡಿಸಿದರೆ ಮಾರಾಟ 90,000, ಮುಂಗಡ 39,000, ಬಾಕಿ 51,000 ಅಂತ ಬರುತ್ತದೆ. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, ಸ್ಕ್ರೀನ್ ಮೇಲೆ ಚಂದದ ನಂಬರ್. ಯಾಕೆ ಹೀಗಾಯಿತು ಅಂತ ಕೇಳಿ. ಪ್ರತಿ ಮಾರಾಟದ ಸಾಲಿಗೂ ಪ್ರತಿ ಮುಂಗಡದ ಸಾಲು ಅಂಟಿಕೊಂಡು ಮೂರು ಎರಡಲಿ ಆರು ಸಾಲು ಆಗಿದೆ, ಮಾರಾಟ ಎರಡು ಪಟ್ಟು, ಮುಂಗಡ ಮೂರು ಪಟ್ಟು ಅಂತ ಕಾಗದದ ಮೇಲೆ ಬರೆದು ತೋರಿಸಿದರೆ ಅವರಿಗೆ ಡೇಟಾ ಅರ್ಥ ಆಗಿದೆ ಅಂತ ಲೆಕ್ಕ. ಎರಡನ್ನೂ ಮೊದಲೇ ಬೇರೆ ಬೇರೆ ಕೂಡಿಸಿ, ಆಮೇಲೆ ಜೋಡಿಸಬೇಕು. ಸುಮ್ನೆ ‘ಡಿಸ್ಟಿಂಕ್ಟ್ ಹಾಕಿದರೆ ಸರಿ ಆಗುತ್ತೆ’ (ಒಂದೇ ಥರದ್ದು ಎಷ್ಟು ಸಲ ಬಂದರೂ ಒಂದೇ ಸಲ ಹಿಡಿಯುವ ಪದ ಅದು) ಅನ್ನುವವರಿಗೆ ಇನ್ನೊಂದು ಸಾಲು ಸೇರಿಸಿ ಕೊಡಿ, ಅದೇ ರೈತ ಇನ್ನೊಂದು ದಿನ ಮತ್ತೆ 10,000 ರೂಪಾಯಿಯ ಅಡಿಕೆ ಕೊಟ್ಟ ಅಂತ. ಕೂಡಿಸುವಾಗ ಮೊತ್ತಕ್ಕೆ ಡಿಸ್ಟಿಂಕ್ಟ್ ಹಾಕಿದರೆ ಎರಡು ಹತ್ತು ಸಾವಿರದಲ್ಲಿ ಒಂದು ಮಾಯ.

ಇದರ ಜತೆಗೇ ‘ಈ ತಿಂಗಳು ಒಂದು ಕಿಲೋ ಸಹ ತರದ ರೈತರ ಪಟ್ಟಿ ಕೊಡಿ’ ಅನ್ನಿ. ಇರುವುದನ್ನು ಹುಡುಕುವುದು ಎಲ್ಲರಿಗೂ ಬರುತ್ತದೆ, ಇಲ್ಲದ್ದನ್ನು ಹುಡುಕುವಾಗ ತಡವರಿಸುತ್ತಾರೆ. ಫೋನ್ ಕಾಲಂ ಖಾಲಿ ಅಂದರೆ ನಲ್ ಇದ್ದರೆ, ಸಾಲುಗಳನ್ನು ಎಣಿಸುವುದಕ್ಕೂ ಫೋನ್ ಕಾಲಂ ಎಣಿಸುವುದಕ್ಕೂ ಉತ್ತರ ಬೇರೆ ಯಾಕೆ ಅಂತಲೂ ಕೇಳಬಹುದು.

ಹೆಸರಿನ ಹುಡುಕಾಟ ನಮ್ಮ ಗಡಿನಾಡಿನ ಸ್ಪೆಷಲ್. ಮಲಯಾಳಂನ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದ ವ್ಯಂಜನದ ಅಕ್ಷರಗಳಿಗೆ) 2008ರಲ್ಲಿ ಯೂನಿಕೋಡ್ 5.1 ಬೇರೆ ಕೋಡ್ ಕೊಟ್ಟಿತು. ಅದಕ್ಕೂ ಹಿಂದಿನ ರೀತಿಯಲ್ಲಿ ಟೈಪ್ ಮಾಡಿದ ಹೆಸರು ಕಣ್ಣಿಗೆ ಒಂದೇ ಥರ ಕಾಣುತ್ತದೆ, ಕಂಪ್ಯೂಟರಿಗೆ ಅದು ಬೇರೆಯೇ. ಕನ್ನಡದಲ್ಲೂ ಅಷ್ಟೇ, ಅಕ್ಷರ ಒತ್ತಾಗದಿರಲಿ ಅಂತ ನಡುವೆ ಹಾಕುವ ಕಾಣದ ಒಂದು ಕ್ಯಾರೆಕ್ಟರ್ ಇದೆ, ಅದಿರುವ ಹೆಸರು ಇಲ್ಲದ ಹೆಸರಿಗೆ ಹೊಂದುವುದಿಲ್ಲ. ಇದು ಮೊದಲೇ ಗೊತ್ತಿರಬೇಕು ಅಂತಲ್ಲ. ಎರಡು ಹೆಸರು ಒಂದೇ ಥರ ಕಂಡರೂ ಹೊಂದದಿದ್ದಾಗ ಒಂದೊಂದರಲ್ಲೂ ಎಷ್ಟು ಕ್ಯಾರೆಕ್ಟರ್ ಇದೆ ಅಂತ ನೋಡುವ ಬುದ್ಧಿ ಬರುತ್ತದಾ, ಅಷ್ಟು ಸಾಕು. ಇಂಗ್ಲಿಷ್‌ನಲ್ಲಿ ಡಿಸೋಜ ಅಂತ ಬರೆಯುವಾಗ ನಡುವೆ ಒಂದು ಕೊಕ್ಕೆ ಬರುತ್ತದಲ್ಲ, ಆ ಹೆಸರನ್ನೂ ಒಂದು ಫಾರ್ಮಿನಲ್ಲಿ ಹಾಕಿಸಿ. ಕ್ವೆರಿಯೊಳಗೆ ಹೆಸರನ್ನು ನೇರ ಅಂಟಿಸಿದವರ ಆ್ಯಪ್ ಅಲ್ಲೇ ಬೀಳುತ್ತದೆ, ಎಸ್‌ಕ್ಯೂಎಲ್ ಇಂಜೆಕ್ಷನ್ (ಫಾರ್ಮಿನಲ್ಲಿ ಬರೆದದ್ದು ಕ್ವೆರಿಯ ಭಾಗವೇ ಆಗಿಬಿಡುವ ಅಪಾಯ) ಬಗ್ಗೆ ಬೇರೆ ಪಾಠ ಬೇಕಿಲ್ಲ.

ಮತ್ತೆ ಕರೆಂಟ್. ಜುಲೈಯಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಸ್ಟಾಕ್ ಕಡಿಮೆ ಆಗಿದೆ, ದುಡ್ಡು ಬಂದದ್ದು ಬರೆಯುವ ಮೊದಲೇ ಕಂಪ್ಯೂಟರ್ ಆಫ್ ಆಯಿತು, ಈಗ ಏನು? ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು, ಅಂದರೆ ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು ಅನ್ನುವುದು ಬಾಯಿಪಾಠದ ಉತ್ತರ. ‘ಹಾಗಾದರೆ ನಿಮ್ಮ ಕೋಡಿನಲ್ಲಿ ಅದು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಬೆರಳಿಟ್ಟು ತೋರಿಸಿ’ ಅನ್ನಿ.

ವೇಗದ ಪ್ರಶ್ನೆಗೆ ಒಂದೇ ಉದಾಹರಣೆ ಸಾಕು. ಐನೂರು ರೈತರ ಪಟ್ಟಿ ತೋರಿಸಲು ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬರ ಬಾಕಿಗೂ ಒಂದೊಂದು ಕ್ವೆರಿ, ಒಟ್ಟು 501. ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗುವುದಿಲ್ಲ. ಡೇಟಾಬೇಸ್ ದೂರದ ಸರ್ವರ್‌ನಲ್ಲಿದ್ದು ಒಂದೊಂದಕ್ಕೂ 20 ಮಿಲಿಸೆಕೆಂಡ್ ಹಿಡಿದರೆ ಹತ್ತು ಸೆಕೆಂಡ್ ಆಯಿತು. ದುಡ್ಡನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಇಟ್ಟವರಿಗೆ 0.1ಕ್ಕೆ 0.2 ಕೂಡಿಸಿ ತೋರಿಸಲು ಹೇಳಿ, ಸರಿಯಾಗಿ 0.3 ಬರುವುದಿಲ್ಲ, ಅಷ್ಟು ಸಾಕು.

ಎಐ ಬಳಸಲು ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಿಡಿ. ಕೆಲಸಕ್ಕೆ ಸೇರಿದ ಮೇಲೆ ಹೇಗೂ ಬಳಸುತ್ತಾರೆ. ಆದರೆ ಅದು ಕೊಟ್ಟ ಉತ್ತರ ಸರಿ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿ. ಮೂರು ರೈತರ ಲೆಕ್ಕವನ್ನು ಕೈಯಲ್ಲಿ ಮಾಡಿ ಹೋಲಿಸಿದೆ ಅಂದವರು ನನಗೆ ಬೇಕು. ‘ರನ್ ಆಯಿತಲ್ಲ ಸರ್’ ಅಂದವರು ಬೇಡ.

ಭಾಷೆಗೆ ಅಂಕ ಕಳೆಯಬೇಡಿ. ಕನ್ನಡವೋ ತುಳುವೋ ಮಲಯಾಳವೋ, ಯಾವುದರಲ್ಲಿ ಯೋಚನೆ ಬರುತ್ತದೋ ಅದರಲ್ಲೇ ಹೇಳಲಿ. ಇಂಗ್ಲಿಷ್‌ನಲ್ಲಿ ತಡವರಿಸಿದ ಹುಡುಗ ಕನ್ನಡದಲ್ಲಿ ಜಾಯಿನನ್ನು ಅಡಿಕೆ ಗೋಣಿಯ ಚೀಟಿ ಇಟ್ಟು ವಿವರಿಸಿದ್ದನ್ನು ನಾನು ನೋಡಿದ್ದೇನೆ. ಮನೆಗೆ ಕೊಟ್ಟು ಎರಡು ದಿನ ದುಡಿಸುವುದೂ ಬೇಡ, ಒಂದೂವರೆ ಗಂಟೆ, ನಡುವೆ ಒಂದು ಚಾ, ಅಷ್ಟೇ.

ಇನ್ನೊಂದು ಮಾತು. ಪ್ರತಿ ಸಲ ಫೈಲ್ ಬದಲಿಸಿ. ನಮ್ಮ ಊರಲ್ಲಿ ಎಲ್ಲರಿಗೂ ಎಲ್ಲರ ಗುರುತು ಉಂಟು, ಮೂರನೇ ಇಂಟರ್‌ವ್ಯೂಗೆ ಬಂದವನು ಫೈಲ್ ತೆರೆಯುವ ಮೊದಲೇ ‘ಗೋಣಿಗೆ ಎಷ್ಟು ಕಿಲೋ ಸರ್?’ ಅಂದ. ಆ ಸಲದ ಫೈಲಿನಲ್ಲಿ ಇದ್ದದ್ದು ಹಾಲು.