ಫ್ಲ್ಯಾಟ್‌ನಲ್ಲಿ ಬ್ಯಾಗ್‌ಪೈಪ್ ಅಭ್ಯಾಸ: ಎಲೆಕ್ಟ್ರಾನಿಕ್ ಚಾಂಟರ್ ಬಳಸುವುದು ಹೇಗೆ

ಚೀಲಕ್ಕೆ ಗಾಳಿ ಊದಿ ನುಡಿಸುವ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್‌ಗೆ ಸದ್ದು ತಗ್ಗಿಸುವ ದಾರಿಯೇ ಇಲ್ಲ. ಮೆಲ್ಲಗೆ ಊದಿದರೆ ಸ್ವರ ಕೆಡುತ್ತದೆ, ಇನ್ನೂ ಮೆಲ್ಲಗೆ ಊದಿದರೆ ನಿಂತೇ ಹೋಗುತ್ತದೆ. ನಾನಿರುವುದು ಗ್ಲಾಸ್ಗೋದಲ್ಲಿ, ಹಳೇ ಕಲ್ಲುಕಟ್ಟಡದ ಮೂರನೇ ಮಹಡಿಯಲ್ಲಿ. ಕೆಲಸ ಮುಗಿಸಿ, ಊಟ ಮಾಡಿ, ಅಭ್ಯಾಸಕ್ಕೆ ಕೂರುವಾಗ ರಾತ್ರಿ ಒಂಬತ್ತೂವರೆ ಆಗಿರುತ್ತದೆ. ಆ ಹೊತ್ತಲ್ಲಿ 100 ಡೆಸಿಬಲ್ ದಾಟುವ ವಾದ್ಯ ತೆಗೆಯೋಕಾಗಲ್ಲ ಅಲ್ವಾ? ಬ್ಯಾಗ್‌ಪೈಪ್‌ನಲ್ಲಿ ಬೆರಳಾಡಿಸುವ ತೂತುಗಳ ಕೊಳವೆಗೆ ಚಾಂಟರ್ ಅನ್ನುತ್ತಾರೆ. ಕಲಿಯುವವರಿಗೆಂದೇ ಪ್ರಾಕ್ಟೀಸ್ ಚಾಂಟರ್ ಇದೆ, ಚೀಲವಿಲ್ಲದೆ ನೇರವಾಗಿ ಬಾಯಲ್ಲಿ ಊದುವ ಕೊಳವೆ. ಅದರ ಸದ್ದು ಎಷ್ಟೋ ಕಡಿಮೆ. ಆದರೆ ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಅದೂ ಜಾಸ್ತಿಯೇ. ಹಾಗಾಗಿ ವಾರದ ದಿನಗಳಲ್ಲಿ ನನ್ನ ಅಭ್ಯಾಸವೆಲ್ಲ ಎಲೆಕ್ಟ್ರಾನಿಕ್ ಚಾಂಟರ್‌ನಲ್ಲೇ ನಡೆಯುತ್ತದೆ.

ಇದನ್ನು ಊದಬೇಕಾಗಿಲ್ಲ. ತೂತುಗಳ ಜಾಗದಲ್ಲಿ ಲೋಹದ ಚಿಕ್ಕ ಬೊಟ್ಟುಗಳಿರುತ್ತವೆ, ಮುಂದೆ ಏಳು, ಹಿಂದೆ ಎಡಗೈ ಹೆಬ್ಬೆರಳಿಗೆ ಒಂದು. ಬೆರಳು ತಾಗಿದರೆ ತೂತು ಮುಚ್ಚಿದ ಹಾಗೆ, ಎತ್ತಿದರೆ ತೆರೆದ ಹಾಗೆ. ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಡ್ರೋನ್ (ಒಂದೇ ಸ್ವರ ಹಿಡಿದು ನಿಲ್ಲುವ ಶ್ರುತಿ ಕೊಳವೆ) ಸಮೇತ ಇಡೀ ಬ್ಯಾಗ್‌ಪೈಪ್ ನಿಮ್ಮ ಕಿವಿಯೊಳಗೆ, ಹೊರಗಿನವರಿಗೆ ಬೆರಳಿನ ಟಕಟಕ ಮಾತ್ರ. ಜರ್ಮನಿಯ ಡೇಗರ್, ಸ್ವೀಡನ್ನಿನ ಟೆಕ್ನೋಪೈಪ್ಸ್ ಇಂಥವು. ರೆಡ್‌ಪೈಪ್ ಎನ್ನುವುದಕ್ಕೆ ಚೀಲವೂ ಇದೆ.

ಕೊಳ್ಳುವ ಮುಂಚೆ ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿ. ಬೊಟ್ಟುಗಳ ನಡುವಿನ ಅಂತರ ನಿಮ್ಮ ಚಾಂಟರ್‌ಗೆ ಹತ್ತಿರವಿರಬೇಕು, ಇಲ್ಲದಿದ್ದರೆ ಇದರಿಂದ ಅದಕ್ಕೆ ಹೋದಾಗಲೆಲ್ಲ ಬೆರಳು ತಡವರಿಸುತ್ತದೆ. ಶ್ರುತಿ ಬದಲಿಸಲು ಬರಬೇಕು, ತಾಳ ತಟ್ಟುವ ಮೆಟ್ರೊನೋಮ್ ಇದ್ದರೆ ಒಳ್ಳೆಯದು. ಉಳಿದ ವಾದ್ಯಗಳ ಸದ್ದೆಲ್ಲ ಇದೆಯೋ ಇಲ್ಲವೋ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಕೆಲಸ ಶ್ರುತಿ. ಸಂಗೀತ ಕೇಳಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬ್ಯಾಗ್‌ಪೈಪ್‌ನಲ್ಲಿರುವುದು ಒಂಬತ್ತೇ ಸ್ವರ. ಲೋ ಎ ಎನ್ನುವುದನ್ನು ಷಡ್ಜ ಅಂದುಕೊಂಡರೆ ಮೇಲಿನ ಷಡ್ಜದವರೆಗೆ ಹರಿಕಾಂಭೋಜಿಯ ಸ್ವರಗಳು ಸಿಗುತ್ತವೆ, ಕೆಳಗೆ ಮಂದ್ರ ನಿಷಾದ ಒಂದು. ಮೂರು ಡ್ರೋನ್‌ಗಳೂ ಹಿಡಿಯುವುದು ಬರೀ ಷಡ್ಜವನ್ನೇ, ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಪಂಚಮ ಇರುವುದಿಲ್ಲ. ಅವುಗಳಲ್ಲಿ ಟೆನರ್ ಎನ್ನುವ ಎರಡು ಒಂದು ಸ್ಥಾಯಿ ಕೆಳಗೆ, ಬೇಸ್ ಎನ್ನುವ ಒಂದು ಎರಡು ಸ್ಥಾಯಿ ಕೆಳಗೆ. ಈಗಿನ ಬ್ಯಾಂಡ್‌ಗಳಲ್ಲಿ ಲೋ ಎ ಸುಮಾರು 480 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ, ನಮ್ಮ ಲೆಕ್ಕದಲ್ಲಿ ಆರೂವರೆಗೂ ಏಳಕ್ಕೂ ನಡುವಿನ ಶ್ರುತಿ. ನಿಮ್ಮ ಬ್ಯಾಂಡ್ ಎಲ್ಲಿ ನಿಲ್ಲಿಸುತ್ತದೋ ಕೇಳಿಕೊಂಡು ಅಲ್ಲಿಗೇ ಇಟ್ಟುಕೊಳ್ಳಿ. ಡ್ರೋನ್ ಹಾಕಿ ಐದು ನಿಮಿಷ ಒಂದೊಂದೇ ಸ್ವರ ಹಿಡಿದು ನಿಲ್ಲಿ. ಆಮೇಲೆ ಡ್ರೋನ್ ನಿಲ್ಲಿಸಿಬಿಡಿ, ಯಾಕೆಂದರೆ ಮುಂದಿನ ಕೆಲಸಕ್ಕೆ ಬೆರಳಿನ ತಪ್ಪು ಬರಿದಾಗಿ ಕೇಳಿಸಬೇಕು.

ಈ ಯಂತ್ರದ ನಿಜವಾದ ಉಪಯೋಗ ಇಲ್ಲಿದೆ. ಡಿಯಿಂದ ಇಗೆ, ಅಂದರೆ ಮಧ್ಯಮದಿಂದ ಪಂಚಮಕ್ಕೆ ಹೋಗುವುದನ್ನು ನೋಡಿ. ಮಧ್ಯಮದಲ್ಲಿ ಬಲಗೈಯ ತೋರು, ನಡು, ಉಂಗುರ ಬೆರಳುಗಳು ಮೇಲಿರುತ್ತವೆ, ಕಿರುಬೆರಳು ಕೆಳಗಿರುತ್ತದೆ. ಪಂಚಮಕ್ಕೆ ಬರುವಾಗ ಆ ಮೂರೂ ಇಳಿಯಬೇಕು, ಬಲಗೈ ಕಿರುಬೆರಳೂ ಎಡಗೈ ಉಂಗುರ ಬೆರಳೂ ಏಳಬೇಕು. ಐದೂ ಬೆರಳು ಒಂದೇ ಕ್ಷಣದಲ್ಲಿ. ಮೂರು ಬೆರಳು ಒಂದಿಷ್ಟು ಮೊದಲೇ ಇಳಿದರೆ ಎಲ್ಲಾ ತೂತು ಮುಚ್ಚಿ ಮಂದ್ರ ನಿಷಾದ ನಡುವೆ ನುಸುಳುತ್ತದೆ. ಕಿರುಬೆರಳು ಎದ್ದು ಉಂಗುರ ಬೆರಳು ತಡವಾದರೆ ಷಡ್ಜ ನುಸುಳುತ್ತದೆ. ಈ ನುಸುಳು ಸ್ವರಕ್ಕೆ ಇಲ್ಲಿನವರು ಕ್ರಾಸಿಂಗ್ ನಾಯ್ಸ್ ಅನ್ನುತ್ತಾರೆ. ಪ್ರಾಕ್ಟೀಸ್ ಚಾಂಟರ್‌ನ ಗೊರಗೊರದಲ್ಲಿ ಮುಚ್ಚಿಹೋಗುವ ಇದು ಹೆಡ್‌ಫೋನ್‌ನಲ್ಲಿ ಮುಳ್ಳು ಚುಚ್ಚಿದ ಹಾಗೆ ಕೇಳಿಸುತ್ತದೆ. ಮೆಟ್ರೊನೋಮ್ ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಈ ಎರಡೇ ಸ್ವರವನ್ನು ಹತ್ತು ನಿಮಿಷ ಮಾಡಿ. ನಿಧಾನಕ್ಕೆ ನುಡಿಸಬೇಕು, ಆದರೆ ಬೆರಳು ಬದಲಾಗುವುದು ಮಾತ್ರ ಚಕ್ಕನೆ ಆಗಬೇಕು. ಶುದ್ಧವಾಗಿ ಇಪ್ಪತ್ತು ಸಲ ಬಂದ ಮೇಲೆ ಮಾತ್ರ ವೇಗ ಏರಿಸಿ.

ಗ್ರೇಸ್‌ನೋಟ್‌ಗಳಿಗೂ ಇದೇ ಕ್ರಮ. ಬ್ಯಾಗ್‌ಪೈಪ್‌ನಲ್ಲಿ ನಾಲಿಗೆಯಿಂದ ಸ್ವರ ತಡೆಯೋಕೆ ಬರಲ್ಲ, ಹಾಗಾಗಿ ಒಂದೇ ಸ್ವರ ಎರಡು ಸಲ ಬೇಕೆಂದರೆ ನಡುವೆ ಇನ್ನೊಂದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಟ್ಟಿಸಿ ಬರಬೇಕು. ಇದಕ್ಕೆ ವೈರ್ ಇರುವ ಹೆಡ್‌ಫೋನೇ ಬೇಕು. ನಾನು ಶುರುವಿನಲ್ಲಿ ಬ್ಲೂಟೂತ್ ಬಳಸಿ ಎರಡು ವಾರ ಒದ್ದಾಡಿದೆ. ಸದ್ದು ಒಂದಿಷ್ಟು ತಡವಾಗಿ ಬರುತ್ತದೆ, ಬೆರಳು ಅದಕ್ಕೆ ಕಾಯಲು ಶುರುಮಾಡುತ್ತದೆ, ತಾಳ ಹದಗೆಡುತ್ತದೆ. ವಾಲ್ಯೂಮ್ ಕೂಡ ಕಮ್ಮಿ ಇಟ್ಟುಕೊಳ್ಳಿ, ಈ ನಾದ ಕಿವಿಗೆ ಬೇಗ ಆಯಾಸ ಮಾಡುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿ ಬೆರಳು ಒಣಗಿದ್ದರೆ ಬೊಟ್ಟುಗಳು ಸ್ಪರ್ಶ ಹಿಡಿಯದೆ ಸ್ವರ ತಪ್ಪುತ್ತವೆ. ಆಗ ಬೆರಳನ್ನು ಒದ್ದೆ ಬಟ್ಟೆಗೆ ಒಂದು ಸಲ ಒತ್ತಿಕೊಂಡರೆ ಸಾಕು.

ಇಷ್ಟೆಲ್ಲ ಇದ್ದರೂ ಉಸಿರಿನ ಪಾಠ ಇದರಲ್ಲಿ ಸಿಗುವುದಿಲ್ಲ. ಚೀಲವನ್ನು ತೋಳಿನಿಂದ ಅದುಮುತ್ತಾ, ಊದುತ್ತಾ, ಒತ್ತಡ ಒಂದೇ ಸಮ ಇಡುವುದು ನಿಜವಾದ ಪೈಪ್‌ನಲ್ಲೇ ಬರಬೇಕು. ಯಂತ್ರದ ಡ್ರೋನ್ ಎಂದೂ ಶ್ರುತಿ ತಪ್ಪುವುದಿಲ್ಲವಾದ್ದರಿಂದ ತಪ್ಪಿದ್ದನ್ನು ಗುರುತಿಸುವ ಕಿವಿಯೂ ಬೆಳೆಯುವುದಿಲ್ಲ. ಆಗಸ್ಟ್‌ನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವರ್ಲ್ಡ್ ಪೈಪ್ ಬ್ಯಾಂಡ್ ಚಾಂಪಿಯನ್‌ಶಿಪ್ ನಡೆಯುವಾಗ ಸ್ಪರ್ಧೆಗಿಂತ ಮೊದಲು ಬ್ಯಾಂಡ್‌ಗಳು ಸುತ್ತ ನಿಂತು ಶ್ರುತಿ ಮಾಡಿಕೊಳ್ಳುತ್ತವಲ್ಲ, ಅದನ್ನು ಹತ್ತಿರ ನಿಂತು ಕೇಳಿ. ಎಷ್ಟು ಕೆಲಸವಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಅಪಾಯ ಬೆರಳಿನದ್ದೇ. ಮೂರು ತಿಂಗಳು ಎಲೆಕ್ಟ್ರಾನಿಕ್ ಒಂದನ್ನೇ ನುಡಿಸಿ ಆಮೇಲೆ ನಿಜವಾದ ಚಾಂಟರ್ ಹಿಡಿದಾಗ ನನ್ನ ಕೆಳಗಿನ ಸ್ವರಗಳೆಲ್ಲ ಕೀಚಲು ಕೀಚಲಾಗಿ ಬಂದವು. ಬೊಟ್ಟಿಗೆ ಸುಮ್ನೆ ತಾಗಿದರೆ ಸಾಕು, ಆದರೆ ತೂತನ್ನು ಪೂರ್ತಿ ಮುಚ್ಚಬೇಕು. ಈಗ ದಿನಾ ಅಭ್ಯಾಸದ ಕೊನೆಗೆ ನಿಜವಾದ ಚಾಂಟರ್ ಹಿಡಿದು, ಊದದೆ, ಹತ್ತು ನಿಮಿಷ ಅದೇ ಬೆರಳಾಟ ಮಾಡುತ್ತೇನೆ. ಮುಗಿಸಿ ಬೆರಳು ತಿರುಗಿಸಿ ನೋಡಿಕೊಳ್ಳಿ. ಪ್ರತಿ ಬೆರಳ ಮೆದುಭಾಗದಲ್ಲೂ ತೂತಿನ ಅಂಚು ತೆಳುವಾಗಿ, ಪೂರ್ತಿ ಉಂಗುರವಾಗಿ ಮೂಡಿರಬೇಕು. ಅರ್ಧ ಉಂಗುರ ಇದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಕೆಂಪಗೆ ಆಳವಾಗಿ ಒತ್ತಿದ್ದರೆ ಕೈ ಬಿಗಿಯಾಗಿದೆ, ನಾಳೆ ಸ್ವಲ್ಪ ಸಡಿಲ ಬಿಡಿ.