ಸೈಕಲ್ ಮೇಲೆ 140 ಕಿ.ಮೀ.: ಮೊದಲು ಗಾಳಿ ಯಾವ ಕಡೆಗಿದೆ ನೋಡಿ

ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಸೈಕಲ್ ಮೇಲೆ ಹೋಗಿ ಅದೇ ದಿನ ವಾಪಸ್ ಬಂದರೆ ಸುಮಾರು 140 ಕಿ.ಮೀ. ಆಗುತ್ತದೆ. ದೂರ ಕೇಳಿ ಗಾಬರಿ ಬೇಡ. ಅಣ್ಣಿಗೇರಿ, ಗದಗ ದಾಟಿ ಮೂಡಣಕ್ಕೆ ಹೋಗುವ ಈ ದಾರಿಯಲ್ಲಿ ಘಾಟಿ ಇಲ್ಲ. ಎರಡೂ ಕಡೆ ಎರೆ ಹೊಲ, ನೆತ್ತಿ ಮೇಲೆ ಬಿಸಿಲು. ಇಲ್ಲಿ ಸವಾರನನ್ನು ಸೋಲಿಸುವುದು ಗಾಳಿ.

ಮೊದಲ ಸಲ ನಾನು ಹೊರಟಿದ್ದು ಜುಲೈನಲ್ಲಿ. ಆಗ ಪಡುವಣ ಗಾಳಿ. ಹೋಗುವಾಗ ಯಾರೋ ಬೆನ್ನಿಗೆ ಕೈ ಇಟ್ಟು ದಬ್ಬಿದ ಹಾಗಿತ್ತು, ಗದಗ ಬಂದಿದ್ದೇ ಗೊತ್ತಾಗಲಿಲ್ಲ. ನನ್ನ ಕಾಲಲ್ಲಿ ಇಷ್ಟು ಕಸುವಿದೆಯಾ ಅಂತ ಬೀಗಿದ್ದೂ ಆಯಿತು. ಬರುವಾಗ ಸಪಾಟು ರಸ್ತೆಯಲ್ಲೂ ಗಂಟೆಗೆ 12 ಕಿ.ಮೀ. ದಾಟಲಿಲ್ಲ. ಕೊನೆಗೆ ಅಣ್ಣಿಗೇರಿಯಲ್ಲಿ ಸೈಕಲ್ಲನ್ನು ಟಂಟಂಗೆ ಹೇರಿ ಮನೆ ಸೇರಿದೆ.

ಹಾಗಾಗಿ ಮೊದಲು ತಿಂಗಳು ಆರಿಸಿಕೊಳ್ಳಿ. ಡಿಸೆಂಬರ್, ಜನವರಿ ಒಳ್ಳೆಯದು. ಆಗ ಹೆಚ್ಚಾಗಿ ಮೂಡಗಾಳಿ. ಹೋಗುವಾಗ ಎದುರಾಗುತ್ತದೆ, ನಿಜ. ಆದರೆ ನೆಲ ಕಾಯುವವರೆಗೆ ಗಾಳಿಗೆ ಅಷ್ಟು ಜೋರಿರುವುದಿಲ್ಲ. ಬೆಳಿಗ್ಗೆ 5.30ಕ್ಕೆ ದೀಪ ಹಾಕಿಕೊಂಡು ಬಿಟ್ಟರೆ, ಅದು ಏಳುವ ಹೊತ್ತಿಗೆ ನೀವು ಗದಗದ ಹತ್ತಿರ ಇರುತ್ತೀರಿ. ದಣಿದ ಮೇಲೆ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ. ಅನುಮಾನವಿದ್ದರೆ ಗದಗ ಸೀಮೆಯ ಗಾಳಿಯಂತ್ರ ನೋಡಿ. ಅದು ಮುಖ ಮಾಡಿದ ಕಡೆಯಿಂದಲೇ ಗಾಳಿ ಬರುತ್ತಿರುತ್ತದೆ.

ಹಿಂದಿನ ರಾತ್ರಿ ಸೀಟಿನ ಎತ್ತರ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಚೈನಿಗೆ ಎಣ್ಣೆ ಬಿಟ್ಟು ಒರೆಸಿ. ಪಂಪ್, ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್ ಚೀಲಕ್ಕೆ ಹಾಕಿ.

ಟ್ಯೂಬ್ ಎರಡು ಯಾಕೆ? ಜಾಲಿ ಮುಳ್ಳು. ಚಹಾ ಕುಡಿಯೋಣ ಅಂತ ರಸ್ತೆ ಬದಿಗೆ ಸೈಕಲ್ ಇಳಿಸಿದರೆ ಸಾಕು. ಪಂಕ್ಚರ್ ಆದಾಗ ಸುಮ್ನೆ ಟ್ಯೂಬ್ ಬದಲಿಸಿ ಹೊರಟುಬಿಡಬೇಡಿ. ಮುಳ್ಳಿನ ತುದಿ ಟೈರಿನಲ್ಲೇ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟೈರಿನ ಒಳಗೆ ಕರ್ಚೀಫನ್ನು ನಿಧಾನವಾಗಿ ಒಂದು ಸುತ್ತು ಎಳೆಯಿರಿ. ಎಲ್ಲೋ ಒಂದು ಕಡೆ ದಾರ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಮುಳ್ಳಿದೆ. ಬೆರಳಿನಿಂದ ಹುಡುಕಿದರೆ ಬೆರಳಿಗೇ ಪಂಕ್ಚರ್. ಹೊರಗಿನಿಂದ ಟೈರನ್ನು ಬಗ್ಗಿಸಿ, ಉಗುರಿನಿಂದ ಎಬ್ಬಿಸಿ ತೆಗೆಯಿರಿ. ಇದನ್ನು ಮಾಡದೆ ನಾನು ಹೊಸ ಟ್ಯೂಬನ್ನು 200 ಮೀಟರಿನಲ್ಲೇ ಕಳೆದುಕೊಂಡಿದ್ದೇನೆ.

ಎದುರುಗಾಳಿಯಲ್ಲಿ ವೇಗದ ಆಸೆ ಬಿಡಿ. ಹಗುರ ಗೇರಿಗೆ ಬನ್ನಿ, ಮೊಣಕೈ ಮಡಚಿ ತಗ್ಗಿ ಕೂರಿ. ಮೂವರಿದ್ದರೆ ಒಬ್ಬರ ಹಿಂದೆ ಒಬ್ಬರು ಸಾಗಿ. ಹಿಂದಿನವರಿಗೆ ಗಾಳಿ ಕಡಿಮೆ ಬಡಿಯುತ್ತದೆ. ಎರಡು ಕಿ.ಮೀ.ಗೊಮ್ಮೆ ಮುಂದಿನವರು ಹಿಂದಕ್ಕೆ. ಈ ಸರದಿಯಲ್ಲಿ ಕಳ್ಳಾಟ ಆಡುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ, ಅಲ್ವಾ?

ಹಸಿವಾಗುವ ಮೊದಲೇ ತಿನ್ನಿ. ಗಂಟೆಗೊಂದು ಬಾಳೆಹಣ್ಣು ಅಥವಾ ಶೇಂಗಾ ಉಂಡೆ, ಅರ್ಧ ಲೀಟರಿಗೆ ಕಡಿಮೆ ಇಲ್ಲದಂತೆ ನೀರು. ಒಂದು ಬಾಟಲಿಗೆ ಉಪ್ಪು, ಸಕ್ಕರೆ, ಲಿಂಬೆ ಹಿಂಡಿ. ಅಣ್ಣಿಗೇರಿಯಲ್ಲಿ ಉಪ್ಪಿಟ್ಟು ಸಾಕು. ಮಿರ್ಚಿ, ಗಿರ್ಮಿಟ್ ಹುಬ್ಬಳ್ಳಿಗೆ ಮರಳಿದ ಮೇಲೆ ಇರಲಿ.

10.30ರ ಸುಮಾರಿಗೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಕಲ್ಲು ನೆಲ ತಂಪಾಗಿರುತ್ತದೆ, ಸ್ವಲ್ಪ ಕೂತುಕೊಳ್ಳಿ. ಮುಸುಕಿನ ಬಾವಿಯನ್ನು ಮೇಲಿನಿಂದಲೇ ನೋಡಿ. ಮೆಟ್ಟಿಲು ಹತ್ತಿಳಿಯಲು ಖರ್ಚು ಮಾಡುವಷ್ಟು ತೊಡೆ ಇವತ್ತು ನಿಮ್ಮ ಹತ್ತಿರ ಇಲ್ಲ.

12ಕ್ಕೆ ಹೊರಟುಬಿಡಿ. ಗಾಳಿ ಬೆನ್ನಿಗಿದೆ ಅಂತ ಗದಗದಲ್ಲಿ ಹರಟೆಗೆ ಕೂತರೆ, ಹುಬ್ಬಳ್ಳಿ ಹತ್ತಿರವಾಗುವಾಗ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ನಿಮಗಷ್ಟೇ ಅಲ್ಲ, ಹಿಂದೆ ಬರುವ ಲಾರಿ ಡ್ರೈವರನಿಗೂ. ನಾಲ್ಕು ಗಂಟೆಯಾದರೂ ಇನ್ನೂ ರಸ್ತೆಯಲ್ಲಿದ್ದರೆ, ಹಗಲಿದ್ದರೂ ಸರಿ, ಸೀಟಿನ ಕೆಳಗಿನ ಕೆಂಪು ದೀಪ ಹಾಕಿ.